ನೊಗದಿಬ್ಬಕ್ಕೆ ಆ ಹೆಸರು ಬಂದದ್ದು

ಕೆಂಗಲ್ಲಹಟ್ಟಿಯನ್ನು ದಾಟಿ ಪೇಟೆಯ ಕಡೆ ಹೊರಟರೆ ಎರಡು ಮೈಲಿಯೊಳಗೆ ದಾರಿ ಗುಡ್ಡಕ್ಕೆ ಏರುತ್ತದೆ. ಈಗ ಅದು ನಾಲ್ಕು ಪಥದ ಹೆದ್ದಾರಿ. ಕಾರಿನಲ್ಲಿ ಕೂತವರಿಗೆ ಏರು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಡ್ರೈವರು ಒಂದು ಗೇರು ಇಳಿಸಿದನೆಂದರೆ ಮುಗಿಯಿತು. ಏರಿನ ತಲೆಯಲ್ಲಿ ಹಸಿರು ಫಲಕದ ಮೇಲೆ ‘ನೊಗದಿಬ್ಬ’ ಎಂದು ಬರೆದಿದೆ. ಗುಡ್ಡ ದೂರಕ್ಕೆ ನೊಗದಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಪೇಟೆಯ ಮೇಷ್ಟರೊಬ್ಬರು ಎಂದೋ ಪತ್ರಿಕೆಯಲ್ಲಿ ಬರೆದಿದ್ದರು. ಯಾವ ದಿಕ್ಕಿನಿಂದ ನೋಡಿದರೂ ಅದು ಕವುಚಿ ಹಾಕಿದ ಹಂಡೆಯಂತೆ ಕಾಣುತ್ತದೆಯೇ ಹೊರತು ನೊಗದಂತಲ್ಲ. ಮೇಷ್ಟರು ಗುಡ್ಡವನ್ನು ನೋಡಿದ್ದರೋ ಇಲ್ಲವೋ, ಹಟ್ಟಿಯ ಮುದುಕರನ್ನಂತೂ ಕೇಳಿರಲಿಲ್ಲ.

ಹಿಂದೆ ಒಮ್ಮೆ, ಮೋಟಾರು ಎಂಬ ಮಾತೇ ಈ ಸೀಮೆಗೆ ಬಾರದಿದ್ದ ಕಾಲದಲ್ಲಿ, ಪೇಟೆಗೆ ಹೋಗುವ ಹತ್ತಿ, ಶೇಂಗಾ, ಮೆಣಸಿನಕಾಯಿ ಎಲ್ಲವೂ ಎತ್ತಿನ ಬಂಡಿಯ ಮೇಲೆ ಈ ಏರನ್ನೇ ಹತ್ತಬೇಕಿತ್ತು. ತುಂಬಿದ ಬಂಡಿಯನ್ನು ಒಂದು ಜೊತೆ ಎತ್ತು ಎಳೆಯುವ ಏರಲ್ಲ ಅದು. ಬುಡದಲ್ಲಿ ಹಟ್ಟಿಗೆ ಸೇರಿದ ಆರು ಮನೆಗಳಿದ್ದವು. ಬಂಡಿಯ ಎತ್ತುಗಳ ಮುಂದೆ ತಮ್ಮ ಜೊತೆಯನ್ನು ಕಟ್ಟಿ ಗುಡ್ಡ ಹತ್ತಿಸುವುದೇ ಅವರ ಕಸುಬು. ಆ ಕಸುಬಿಗೊಂದು ಕಟ್ಟಳೆಯಿತ್ತು. ಬುಡದಲ್ಲಿ ಕಟ್ಟಿದ ನೊಗವನ್ನು ನಡುವೆ ಬಿಚ್ಚುವಂತಿಲ್ಲ. ತಲೆ ಮುಟ್ಟಿದ ಮೇಲೂ ಎತ್ತಿನವನು ಬಿಚ್ಚುವಂತಿಲ್ಲ. ಸರಕು ಯಾರದೋ ಅವರೇ ಮುಂದೆ ಬಂದು, ಕೊರಳ ಹಗ್ಗದ ಗಂಟಿಗೆ ಕೈಹಾಕಿ, ‘ಸರಕು ನನ್ನ ಕೈ ಸೇರಿತು’ ಎಂದು ಬಿಚ್ಚಬೇಕು. ಅಲ್ಲಿಯವರೆಗೂ ಭಾರ ಎತ್ತಿನವನದು. ಯಾವ ಕಾಲದಲ್ಲೋ ಸರಕಿನವನು ಹಿಡಿದಿದ್ದಾನೆಂದು ಎತ್ತಿನವನು, ಎತ್ತಿನವನು ಹಿಡಿದಿದ್ದಾನೆಂದು ಸರಕಿನವನು ಕೈಬಿಟ್ಟು, ಬಂಡಿ ಹಿಂದಕ್ಕುರುಳಿ ಮೂರು ಜನ ಸತ್ತಿದ್ದರಂತೆ. ಅಂದಿನಿಂದ, ಸರಕಿನವರು ಬಿಚ್ಚದೆ ನೊಗ ಇಳಿದರೆ ಸರಕು ಉಳಿಯುವುದಿಲ್ಲ ಎಂಬ ನಂಬಿಕೆ ಆರು ಮನೆಗಳಲ್ಲೂ ಬೇರೂರಿತು.

ಆಮೇಲೆ ಮೋಟಾರು ಬಂತು. ಮೊದಲು ಯಾರೋ ಸಾಹೇಬರ ಕಾರು. ಹಟ್ಟಿಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದರು. ಹಿಂದೆಯೇ ಬಸ್ಸು ಬಂತು, ಬಸ್ಸಿನ ಹಿಂದೆ ಲಾರಿ ಬಂತು. ಐವತ್ತು ಬಂಡಿಯ ಸರಕನ್ನು ನಾಲ್ಕು ಲಾರಿಗಳು ಹೊತ್ತುಕೊಂಡು, ಬುಡದ ಮನೆಗಳ ಕಡೆ ತಿರುಗಿಯೂ ನೋಡದೆ ಗುಡ್ಡ ಹತ್ತಿದವು. ಕೈಮುಗಿದದ್ದಕ್ಕೆ ಸಿಕ್ಕ ಫಲ ಅದು. ಐದು ಮನೆಯವರು ಎತ್ತು ಮಾರಿದರು, ಅದೇ ಲಾರಿಗಳು ಓಡುವ ರಸ್ತೆಗೆ ಜಲ್ಲಿ ಒಡೆಯುವ ಕೂಲಿಗೆ ಹೋದರು. ಆರನೆಯ ಮನೆಯ ಪಾಲಯ್ಯ ಮಾತ್ರ ಮಾರಲಿಲ್ಲ. ಕೆಲಸವಿಲ್ಲದೆ ಮುದಿಯಾಗುತ್ತಿದ್ದ ಎತ್ತುಗಳಿಗೆ ತನ್ನ ಪಾಲಿನ ರಾಗಿಯನ್ನೇ ಹಾಕಿ ಸಾಕಿದ. ಬಸ್ಸು ಬರುವ ಸದ್ದು ಕೇಳಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಬಸ್ಸಿಗೆ ಅದರಿಂದೇನೂ ನಷ್ಟವಾಗಲಿಲ್ಲ, ಆದರೆ ಅವನಿಗೆ ಮಾಡಲು ಬೇರೇನೂ ಇರಲಿಲ್ಲ.

ಆಗ ಎಲ್ಲೋ ದೊಡ್ಡ ಯುದ್ಧ ಹತ್ತಿಕೊಂಡು ಪೆಟ್ರೋಲೆಲ್ಲ ದಂಡಿನ ಪಾಲಾಯಿತು. ಊರಿನ ಬಸ್ಸುಗಳ ಬೆನ್ನಿಗೆ ಕಬ್ಬಿಣದ ಹಂಡೆಯಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಬಲದಿಂದಲೇ ಓಡಿಸತೊಡಗಿದರು. ಸಮ ನೆಲದಲ್ಲಿ ಅದು ಕೆಮ್ಮುತ್ತ ಹೋಗುತ್ತಿತ್ತು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಅದೇ ವರ್ಷ ಪಾಲಯ್ಯನ ಒಬ್ಬಳೇ ಮಗಳು ಬೋರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ಮಿಲಿಟರಿ ಲಾರಿ ಓಡಿಸಲು ದೇಶಾಂತರ ಹೋಗಿದ್ದ. ನೋವು ಕಾಣಿಸಿಕೊಂಡು ಒಂದು ಹಗಲು ಒಂದು ಇರುಳು ಕಳೆದರೂ ಕೂಸು ಇಳಿಯಲಿಲ್ಲ. ಬೆಳಿಗ್ಗೆ ಸೂಲಗಿತ್ತಿ ಹೊರಗೆ ಬಂದು, “ಕೂಸು ಅಡ್ಡ ಮಲಗೈತೆ ಪಾಲಣ್ಣ. ನನ್ನ ಕೈಲಿ ಇನ್ನು ಆಗಲ್ಲ, ಪೇಟೆ ಆಸ್ಪತ್ರೆಗೆ ಸಾಗಿಸು,” ಎಂದಳು. ಮುದಿ ಎತ್ತುಗಳ ಬಂಡಿ ಕಟ್ಟಿದರೆ ಮುಟ್ಟುವುದು ಸಂಜೆಗೆ. ಹನ್ನೆರಡು ವರ್ಷ ಬಸ್ಸಿಗೆ ಬೆನ್ನು ತೋರಿಸಿದ್ದ ಪಾಲಯ್ಯ ಆ ದಿನ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ.

ಡ್ರೈವರ್ ಹಯಾತ್ ಸಾಬ್ ಒಳ್ಳೆಯ ಮನುಷ್ಯ. ಹಿಂದಿನ ಸೀಟುಗಳನ್ನು ಬಿಡಿಸಿ ಬೋರಮ್ಮನನ್ನು ಮಲಗಿಸಿದ, ತಾಯಿ ಮಾರಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ಬಸ್ಸು ಬುಡದಲ್ಲೇ ನಿಂತುಹೋಯಿತು. ಇದ್ದಿಲು ಹಸಿಯಾಗಿತ್ತು. ಎಷ್ಟು ಊದಿದರೂ ಉಸಿರು ಬರಲಿಲ್ಲ. “ಏರಿನ ತಲೆ ಮುಟ್ಟಿಸಿಕೊಟ್ರೆ ಸಾಕು ಪಾಲಣ್ಣ, ಆಚೆ ಇಳಿಜಾರು. ಉರುಳಿಸಿ ಇಂಜಿನ್ ಹಿಡಿಸ್ತೀನಿ,” ಎಂದ ಹಯಾತ್. ಪಾಲಯ್ಯ ಕೊಟ್ಟಿಗೆಗೆ ಓಡಿದ. ಮುದಿ ಎತ್ತುಗಳ ಕೊರಳಿಗೆ ನೊಗ ಕಟ್ಟಿ, ಹಗ್ಗವನ್ನು ಬಸ್ಸಿನ ಮೂತಿಗೆ ಬಿಗಿದ. ಪ್ರಯಾಣಿಕರು ಹಿಂದಿನಿಂದ ಹೆಗಲು ಕೊಟ್ಟರು. ಬಸ್ಸು ಗೇಣು ಗೇಣಾಗಿ ಹತ್ತಿತು. ಒಳಗಿನಿಂದ ಬೋರಮ್ಮನ ಕೂಗು ಕೇಳಿದಾಗಲೆಲ್ಲ ಪಾಲಯ್ಯ ಎಂದೂ ಎತ್ತದ ಬಾರುಕೋಲನ್ನು ಎತ್ತುತ್ತಿದ್ದ. ಅರ್ಧ ಏರಿನಲ್ಲಿ ಎಡಗಡೆಯ ಎತ್ತು ಮೊಣಕಾಲೂರಿ ಕುಸಿಯಿತು. ಮತ್ತೆ ಏಳಲಿಲ್ಲ.

ಹಿಂದಿನವರು ಚಕ್ರಕ್ಕೆ ಕಲ್ಲು ಕೊಟ್ಟರು. ಪಾಲಯ್ಯ ಸತ್ತ ಎತ್ತಿನ ಮುಖವನ್ನು ಒಮ್ಮೆ ಸವರಿ, ಸೊಂಟದ ಕುಡುಗೋಲು ತೆಗೆದು ಅದರ ಕೊರಳ ಹಗ್ಗವನ್ನು ಕೊಯ್ದ. ಏರಿನ ನಡುವೆ ನೊಗ ಬಿಡಿಸಿದವರು ಅವನ ವಂಶದಲ್ಲಿ ಯಾರೂ ಇರಲಿಲ್ಲ. ಆಮೇಲೆ ಆ ಜಾಗಕ್ಕೆ ತನ್ನ ಕೊರಳು ಕೊಟ್ಟು, ಪಕ್ಕದಲ್ಲಿದ್ದವನಿಗೆ, “ಬಿಗಿದು ಗಂಟು ಹಾಕು,” ಎಂದ. ಒಂದು ಕಡೆ ಎತ್ತು, ಇನ್ನೊಂದು ಕಡೆ ಅಪ್ಪ. ಹಾಗೆ ಬಸ್ಸು ಏರಿನ ತಲೆ ಮುಟ್ಟಿತು ಎನ್ನುತ್ತಾರೆ. ಮುಟ್ಟಿದ್ದೇ ಇಂಜಿನ್ನು ಕೆಮ್ಮಿತು. ಈಗ ನಿಲ್ಲಿಸಿದರೆ ಮತ್ತೆ ಹಿಡಿಯದೆಂದು ಹಯಾತ್ ಎಳೆಯುವ ಹಗ್ಗವನ್ನು ಕಡಿಸಿ, ಬಸ್ಸನ್ನು ಇಳಿಜಾರಿಗೆ ಬಿಟ್ಟ. ಗಂಟು ಬಿಚ್ಚುವ ಕಟ್ಟಳೆ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಪಾಲಯ್ಯನಿಗೆ ನೆನಪಿತ್ತು.

ಅವನು ಅಲ್ಲೇ ಕೂತ. ಉಳಿದ ಎತ್ತನ್ನು, ಬಸ್ಸಿನ ಹಿಂದೆಯೇ ಹತ್ತಿ ಬಂದಿದ್ದ ಹಟ್ಟಿಯವರು ಬಿಡಿಸಿ ನೀರಿಗೆ ಹೊಡೆದುಕೊಂಡು ಹೋದರು, ಅವನು ಬೇಡವೆನ್ನಲಿಲ್ಲ. ತನ್ನ ಗಂಟಿಗೆ ಮಾತ್ರ ಯಾರೂ ಕೈಹಾಕಲು ಬಿಡಲಿಲ್ಲ. ಪೇಟೆ ಹತ್ತು ಮೈಲಿ, ನಡೆದರೆ ಹೊತ್ತು ಮುಳುಗುವ ಮೊದಲೇ ಮಗಳ ಹತ್ತಿರ ಇರುತ್ತೀಯ ಎಂದು ಅವರ ಜೊತೆ ಬಂದಿದ್ದ ಸೂಲಗಿತ್ತಿ ಅತ್ತು ಹೇಳಿದಳು. “ನಡುವೆ ಒಂದ್ಸಲ ಕೊಯ್ದಿದೀನಿ. ಇನ್ನೊಂದ್ಸಲ ತಪ್ಪಿದ್ರೆ ಅವಳು ಉಳಿಯಲ್ಲ,” ಎಂದ ಪಾಲಯ್ಯ. “ಸರಕು ಅವಳದು. ಅವಳೇ ಬಂದು ಬಿಚ್ಚಲಿ. ಅಲ್ಲೀಗಂಟ ನಾನು ಹಿಡ್ಕಂಡಿರ್ತೀನಿ.” ನೊಗದ ಭಾರಕ್ಕೆ ಕೊರಳು ಬಾಗಿ ಬಾಗಿ ನೆಲ ಮುಟ್ಟುವಂತಾದರೂ ಅವನು ಅದನ್ನು ಕೆಳಗಿಡಲಿಲ್ಲ. ಆ ಸಂಜೆ ಬಸ್ಸು ಹಿಂದಿರುಗಲಿಲ್ಲ. ತಾನು ಕತ್ತು ಸಡಿಲಿಸಿದರೆ ಅಲ್ಲಿ ಮಗಳ ಉಸಿರು ಸಡಿಲುತ್ತದೆಂದು ಅವನು ನಂಬಿದ್ದ. ಅಂಥ ನಂಬಿಕೆಯ ಮುಂದೆ ಯಾರ ಬುದ್ಧಿವಾದ ತಾನೇ ನಡೆದೀತು?

ಮರುದಿನ ಮಧ್ಯಾಹ್ನ ಬಸ್ಸು ಆಚೆಯಿಂದ ಪ್ರಯಾಣಿಕರ ಕೈಲಿ ತಳ್ಳಿಸಿಕೊಂಡು ಏರಿ ಬಂದು ನಿಂತಿತು. ಮಾರಕ್ಕ ಸೀರೆಯ ಸೆರಗಿನಲ್ಲಿ ಕೂಸು ಸುತ್ತಿಕೊಂಡು ಇಳಿದಳು.

“ಬೋರಿ ಎಲ್ಲಿ?” ಎಂದ ಪಾಲಯ್ಯ. ತಲೆ ಎತ್ತಲು ಅವನಿಗೆ ಆಗುತ್ತಿರಲಿಲ್ಲ.

“ಒಳಗೈದಾಳೆ. ಇಳಿಯಲ್ಲ,” ಎಂದಳು ಮಾರಕ್ಕ. ಕೂಸನ್ನು ಎದೆಗೆ ಒತ್ತಿಕೊಂಡು, “ಹೊತ್ತು ಹುಟ್ಟೋವಾಗ ಹೋದ್ಲು. ರಾತ್ರಿಯೆಲ್ಲ ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತಿದ್ಲು. ಬರ್ತಾನೆ ಕಣವ್ವ ಅಂತ ನಾನು ಹೇಳ್ತಾನೇ ಇದ್ದೆ,” ಎಂದಳು.

“ನಾನು ಬಿಟ್ಟಿರ್ಲಿಲ್ಲ ಕಣೆ,” ಎಂದ ಪಾಲಯ್ಯ. “ಒಂದು ಗಳಿಗೇನೂ ಬಿಟ್ಟಿರ್ಲಿಲ್ಲ.”

ಹಯಾತ್ ಗಂಟಿಗೆ ಕೈಚಾಚಿದ. ಪಾಲಯ್ಯ ಹಿಂದಕ್ಕೆ ಸರಿದ. ಸರಕಿನವಳು ಇಲ್ಲದ ಮೇಲೆ ಬಿಚ್ಚುವವರು ಯಾರೂ ಇಲ್ಲ, ಇದು ಹೀಗೆಯೇ ಇರಲಿ ಎಂದ. ಆಗ ಮಾರಕ್ಕ ಅವನ ಎದುರು ಕುಕ್ಕರಿಸಿ, ಕೂಸಿನ ಕೈಯನ್ನು ಸೆರಗಿನಿಂದ ಹೊರತೆಗೆದು ಹಗ್ಗದ ತುದಿಗೆ ಮುಟ್ಟಿಸಿದಳು. “ಹತ್ತಿಸಿದ ಸರಕಿನಾಗೆ ಇದೂ ಇತ್ತಲ್ಲ. ಬಿಚ್ಚವ್ವ, ನಿಮ್ಮ ತಾತನ್ನ ಬಿಡಿಸು,” ಎಂದಳು. ಎಳೆಗೂಸು ಸಿಕ್ಕಿದ್ದನ್ನು ಹಿಡಿಯುವುದು ಸಹಜ. ಅದು ಹಗ್ಗವನ್ನು ಮುಷ್ಟಿಯೊಳಗೆ ಹಿಡಿಯಿತು. ಗಂಟನ್ನು ಕೂಸೇ ಬಿಚ್ಚಿತೆಂದು ಹಟ್ಟಿಯವರು ಆಣೆಯಿಟ್ಟು ಹೇಳುತ್ತಾರೆ. ಬಿಚ್ಚಿದ್ದು ಮಾರಕ್ಕನ ಕೈ ಎಂಬುದು ಅವರಿಗೂ ಗೊತ್ತು. ನೊಗ ನೆಲಕ್ಕೆ ಬಿತ್ತು. ಪಾಲಯ್ಯ ಬಸ್ಸಿನೊಳಗೆ ಹೋಗಿ ಮಗಳ ಪಕ್ಕ ಕೂತ. ಅವನು ಬಸ್ಸು ಹತ್ತಿದ್ದು ಅದೇ ಮೊದಲು.

ಆ ನೊಗವನ್ನು ಬಿದ್ದಲ್ಲೇ ಎರಡು ಕಲ್ಲುಗಳ ನಡುವೆ ನಿಲ್ಲಿಸಿದರು. ಮರ ಎಂದೋ ಗೆದ್ದಲು ಹಿಡಿದು ಹೋಯಿತು, ರಸ್ತೆ ಅಗಲ ಮಾಡುವಾಗ ಕಲ್ಲುಗಳೂ ಹೋದವು. ಈಗ ಅಲ್ಲಿಗೆ ಬಂದವರಿಗೆ ಫಲಕ ಬಿಟ್ಟರೆ ನೋಡಲು ಏನೂ ಇಲ್ಲ. ಪೇಟೆಯ ಆಸ್ಪತ್ರೆಗೆ ಆಂಬುಲೆನ್ಸು ಈ ಏರನ್ನು ಎರಡು ನಿಮಿಷದಲ್ಲಿ ಹತ್ತಿ ಇಳಿಯುತ್ತದೆ. ಆದರೆ ಕೆಂಗಲ್ಲಹಟ್ಟಿಯಿಂದ ಹೆರಿಗೆಗೆ ಹೊರಟ ವಾಹನವಾದರೆ ಸ್ವಲ್ಪ ಗಮನವಿಟ್ಟು ನೋಡಬೇಕು. ಒಬ್ಬರಿಗಿಂತ ಹೆಚ್ಚು ಜನ ಜೊತೆಗೆ ಬರುವಂತಿಲ್ಲ ಎಂದು ಡ್ರೈವರು ಎಷ್ಟು ಗದರಿದರೂ ಹಟ್ಟಿಯವರು ಕೇಳುವುದಿಲ್ಲ. ಅವನ ಪಕ್ಕದ ಇಕ್ಕಟ್ಟು ಸೀಟಿನಲ್ಲಿ, ಮೊಣಕಾಲು ಎದೆಗೆ ಮಡಿಸಿಕೊಂಡು, ಆ ಹೆಣ್ಣುಮಗಳ ಅಪ್ಪ ಕೂತಿರುತ್ತಾನೆ.