ಕೆಂದಿ ಮುಚ್ಚಿಟ್ಟ ಗೊರಸು

ತುಂಬು ಗಬ್ಬದ ಕೆಂದಿ ಹಸುವಿಗೆ ಹಗ್ಗ ಕಂಡರೆ ಎದೆ ನಡುಗುತ್ತಿತ್ತು. ಲಾಳ ಕಟ್ಟುವವನು ಎತ್ತುಗಳ ಕಾಲಿಗೆ ಹಗ್ಗ ಬಿಗಿದು ದೊಪ್ಪನೆ ನೆಲಕ್ಕೆ ಕೆಡವುವುದನ್ನು ಅದು ಕಣ್ಣಾರೆ ನೋಡಿತ್ತು. ತನ್ನನ್ನೂ ಹಾಗೆ ಕೆಡವಿದರೆ ಹೊಟ್ಟೆಯೊಳಗಿನ ಕರುವಿನ ಗತಿಯೇನು? ಅದಕ್ಕೇ ಹಿಂಗಾಲಿನ ಗೊರಸು ಬೆಳೆದು ಸೊಟ್ಟಗಾದರೂ, ಮನೆಯಾಕೆ ಪುಟ್ಟಗೌರಮ್ಮ ಹತ್ತಿರ ಬಂದಾಗಲೆಲ್ಲ ಆ ಕಾಲನ್ನು ಸಗಣಿಯಲ್ಲಿ ಹೂತು ನಿಲ್ಲುತ್ತಿತ್ತು.

"ಒಡತಿ, ನನ್ನನ್ನು ತೋರಿಸಿಬಿಡು," ಎಂದು ಗೊರಸು ಕೆಂದಿಗೆ ಹೇಳಿತು. "ಒಳಗೆ ಕೀವು ತುಂಬುತ್ತಿದೆ."

"ಬಾಯಿ ಮುಚ್ಚು. ತೋರಿಸಿದರೆ ಅವರು ನನ್ನನ್ನು ಕೆಡವುತ್ತಾರೆ."

"ಅವರ ವಿಚಾರ ನನಗೆ ತಿಳಿಯದು. ನಾನಂತೂ ಕೆಡವುತ್ತೇನೆ."

ಮಾರನೆಯ ಬೆಳಿಗ್ಗೆ ನೀರಿನ ತೊಟ್ಟಿಯ ಬಳಿ, ಒದ್ದೆ ಕಲ್ಲಿನ ಮೇಲೆ ಆ ಕಾಲು ಜಾರಿತು. ಕೆಂದಿ ಹೇಗೋ ತೊಟ್ಟಿಗೆ ಒರಗಿ ನಿಂತುಕೊಂಡಿತು. ಒಳಗೆ ಕರು ಬೆಚ್ಚಿ ಒದೆಯಿತು. ಆಗ ಕೆಂದಿ ತಾನಾಗಿಯೇ ಪುಟ್ಟಗೌರಮ್ಮನಿಗೆ ಕಾಣುವಂತೆ ಕಾಲೆತ್ತಿ ಹಿಡಿಯಿತು.

ಪುಟ್ಟಗೌರಮ್ಮ ಉಳಿ ತಂದಳು, ಜೊತೆಗೆ ಹಗ್ಗವನ್ನೂ. ಕೆಂದಿ ಕಣ್ಣು ಮುಚ್ಚಿತು.

"ನಡುಗಬೇಡ ಕಣೇ. ಗಬ್ಬದವಳನ್ನು ಯಾರಾದರೂ ಕೆಡವುತ್ತಾರೇನು?" ಎನ್ನುತ್ತ ಅವಳು ಹಸುವನ್ನು ನಿಂತಂತೆಯೇ ಕಂಬಕ್ಕೆ ಕಟ್ಟಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಉಳಿ ತಾಗುತ್ತಲೇ ಕೀವು ಸುರಿಯಿತು. ಕೆಂದಿ ಈಗ ಹಗ್ಗದ ಕಡೆ ನೋಡಲಿಲ್ಲ. ತೊಟ್ಟಿಯ ಬಳಿಯ ಒದ್ದೆ ಕಲ್ಲನ್ನೇ ನೋಡುತ್ತ ನಡುಗುತ್ತಿತ್ತು.