ಹಗ್ಗದ ಹುಲಿಗೆವ್ವನ ಭಾರ

ಎಲ್ಲಾ ಕಾಲಕ್ಕೂ ಹಿಂದಿನ ಒಂದು ಕಾಲದಲ್ಲಿ, ಬಂಡೆಯ ಮೇಲೆ ಬಂಡೆ ಕೂತಿರುವ ಒಂದು ಸೀಮೆಯಲ್ಲಿ, ತಮ್ಮದು ಅಂತ ಒಂದೂ ಊರಿಲ್ಲದ, ಹೋದ ಊರೆಲ್ಲ ತಮ್ಮೂರೇ ಆದ ಒಂದು ಸಂಸಾರವಿತ್ತಂತೆ. ಹಗ್ಗದ ಮೇಲೆ ನಡೆಯುವುದು ಅವರ ಕಸುಬು. ಆ ಕಡೆ ಎರಡು ಬಿದಿರು, ಈ ಕಡೆ ಎರಡು ಬಿದಿರು ಕತ್ತರಿ ಹಾಕಿ ನಿಲ್ಲಿಸಿ ನಡುವೆ ಹಗ್ಗ ಬಿಗಿಯುವುದು ಗಂಡ ಮಾರೆಪ್ಪನ ಕೆಲಸ. ಕೆಳಗೆ ಕೂತು ಡೋಲು ಬಾರಿಸುವುದು ಅತ್ತೆ ದುರುಗವ್ವನ ಕೆಲಸ. ಮೇಲೆ ನಡೆಯುವುದು ಸೊಸೆ ಹುಲಿಗೆವ್ವನ ಕೆಲಸ.

ಹುಲಿಗೆವ್ವ ಹಗ್ಗದ ಮೇಲೆ ನಡೆದರೆ, ಅದೇ ಹಗ್ಗದ ಮೇಲೆ ಕೂತ ಗುಬ್ಬಿ ಹಾರುತ್ತಿರಲಿಲ್ಲವಂತೆ. ಅಷ್ಟು ಹಗುರ. ಆ ಹಗುರವೇನೂ ಪುಕ್ಕಟೆ ಬಂದದ್ದಲ್ಲ. ಬೆಳಗ್ಗೆ ಅರ್ಧ ಜೋಳದ ರೊಟ್ಟಿ, ಸಂಜೆ ಅರ್ಧ ಜೋಳದ ರೊಟ್ಟಿ, ನಡುವೆ ನೀರು ಮಜ್ಜಿಗೆ. ಯಾರದೋ ಮದುವೆಯಲ್ಲಿ ಎಲೆಗೆ ಹೋಳಿಗೆ ಬಿದ್ದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಅತ್ತೆಯ ಎಲೆಗೆ ದಾಟಿಸುತ್ತಿದ್ದಳು. ತುಪ್ಪದ ವಿಷಯಕ್ಕೆ ಬಂದರೆ, ಅವಳಿಗೆ ಅದರ ವಾಸನೆ ಗೊತ್ತಿತ್ತು, ರುಚಿ ಮರೆತಿತ್ತು.

ಹೀಗಿರುವಾಗ ಒಮ್ಮೆ ಕಲ್ಲುಕೋಟೆಯ ದೊರೆಯ ಅಂಗಳದಲ್ಲಿ ಆಟ ಆಯಿತಂತೆ. ಹುಲಿಗೆವ್ವ ಅಂದು ನಡೆದದ್ದು ನೋಡಿ ದೊರೆ ಉಪ್ಪರಿಗೆಯ ಮೇಲೆ ಎದ್ದು ನಿಂತುಬಿಟ್ಟ. "ಇಂಥ ಪಾದ ಮಣ್ಣು ಮುಟ್ಟಬಾರದು!" ಅಂದ. ಅಂದದ್ದೇ ತಡ, ಹಗ್ಗದ ಕೆಳಗೆ ಪಲ್ಲಕ್ಕಿ ಬಂದು ನಿಂತಿತು. ಹುಲಿಗೆವ್ವ ಹಗ್ಗದಿಂದ ನೇರ ಪಲ್ಲಕ್ಕಿಗೆ ಇಳಿದಳು. ಪಲ್ಲಕ್ಕಿಯಿಂದ ಓಲಗಕ್ಕೆ ಹಾಸುಬಟ್ಟೆಯ ಮೇಲೆ ನಡೆದಳು. ಓಲಗದಲ್ಲಿ ಸೀರೆ ಉಡುಗೊರೆ ತಗೊಂಡು, ಹಾಸುಬಟ್ಟೆಯ ಮೇಲೇ ಬಂದು ಗಾಡಿ ಹತ್ತಿದಳು. ಗಾಡಿ ಕೋಟೆಯ ಬಾಗಿಲು ದಾಟಿತು. ಹುಟ್ಟಿದಾಗಿನಿಂದ ಅಂಥ ಮರ್ಯಾದೆ ಕಂಡವಳಲ್ಲ. ದಾರಿಯುದ್ದಕ್ಕೂ ತನ್ನ ಪಾದ ತಾನೇ ನೋಡಿಕೊಂಡು ನಕ್ಕಳಂತೆ.

ಆಮೇಲೆ ಶುರುವಾಯಿತು ನೋಡಿ.

ಮುಂದಿನ ಊರಿನಲ್ಲಿ ಹಗ್ಗ ಹತ್ತಿದಳು. ಗುಬ್ಬಿ ಹಾರಿಹೋಯಿತು. ಅದರ ಮುಂದಿನ ಊರಿನಲ್ಲಿ ಬಿದಿರು ಕಿರುಗುಟ್ಟಿತು.

"ಹುಲಿಗೀ, ಹಗ್ಗ ಯಾಕೋ ನರಳತೈತಲ್ಲ," ಅಂದ ಮಾರೆಪ್ಪ.

"ಮಳಿಗೆ ನೆನೆದಿರಬೇಕು."

"ಮಳಿ ಎಲ್ಲಿ ಬಂತ?"

ಹುಲಿಗೆವ್ವನ ಸೊಂಟದ ಡಾಬು ಒಂದು ಕೊಂಡಿ ಸಡಿಲ ಬೇಡಿತು. ಕಾಲ್ಗಡಗ ಮಾಂಸದಲ್ಲಿ ಕೂತಿತು. ಹಸಿ ನೆಲದ ಮೇಲೆ ನಡೆದರೆ ಹೆಜ್ಜೆ ಬೆರಳುದ್ದ ಇಳಿಯತೊಡಗಿತು. ಅರ್ಧ ರೊಟ್ಟಿಯನ್ನು ಕಾಲು ಮಾಡಿದಳು. ಭಾರ ಏರಿತು. ಕಾಲು ರೊಟ್ಟಿಯನ್ನು ತುತ್ತು ಮಾಡಿದಳು. ಭಾರ ಮತ್ತೂ ಏರಿತು.

ಅತ್ತೆ ಡೋಲು ಪಕ್ಕಕ್ಕಿಟ್ಟು ಕರೆದಳಂತೆ. "ಏನ್ ತಿಂದಿ?"

"ಒಂದ್ ತುತ್ತು ರೊಟ್ಟಿ, ಅತ್ತಿ."

"ಅದನ್ನ ನಾನೂ ನೋಡೀನಿ. ನಾ ನೋಡದಾಗ ಏನ್ ತಿಂದಿ?"

ಬಾವಿಕಟ್ಟೆಯ ಹೆಂಗಸರಂತೂ ಬಿಡಲೇ ಇಲ್ಲ. ಒಬ್ಬಳು, "ಎಷ್ಟು ತಿಂಗಳು ತಂಗೀ?" ಅಂದಳು. ಇನ್ನೊಬ್ಬಳು ಹುರಳಿ ಕಟ್ಟು ಕುಡಿ ಅಂದಳು, ಮತ್ತೊಬ್ಬಳು ಬಿಸಿನೀರಿಗೆ ಜೇನು ಅಂದಳು, ಹೀಗೆ ಹೇಳಿದವರು ಯಾರೂ ತೆಳ್ಳಗಿರಲಿಲ್ಲ ಅನ್ನುವುದನ್ನು ಹುಲಿಗೆವ್ವ ಗಮನಿಸಿದಳಂತೆ. ಆದರೂ ಹುರಳಿ ಕಟ್ಟೂ ಕುಡಿದಳು, ಜೇನೂ ನೆಕ್ಕಿದಳು.

ಕೊನೆಗೆ ಏಳೂರಿಗೆ ಹೆಸರಾದ ಪಂಡಿತರ ಹತ್ತಿರ ಹೋದರು. ಪಂಡಿತರು ನಾಡಿ ಹಿಡಿದರು, ಕಣ್ಣು ಮುಚ್ಚಿದರು.

"ತುಪ್ಪ ಬಿಡು," ಅಂದರು.

"ತುಪ್ಪ ತಿಂದು ಯಾವ ಕಾಲ ಆತೋ, ಸ್ವಾಮಿ."

"ಬೆಲ್ಲ ಬಿಡು."

"ಬೆಲ್ಲಾನೂ ಇಲ್ರಿ."

"ನಡಿಗೆ ಮಾಡು."

"ನಾ ನಡಿಯೋದ ನನ್ನ ಕಸುಬು, ಸ್ವಾಮಿ."

ಪಂಡಿತರು ಕಣ್ಣು ತೆರೆದರು. "ಹಾಗಾದರೆ ನೀನು ಕದ್ದು ತಿನ್ನುತ್ತಿದ್ದೀಯ," ಅಂದುಬಿಟ್ಟರಂತೆ. ತಮ್ಮ ಶಾಸ್ತ್ರಕ್ಕೆ ಸಿಗದ ಮೈ ಸುಳ್ಳು ಹೇಳುತ್ತಿರಲೇಬೇಕು, ಇನ್ನೇನು!

ಹುಲಿಗೆವ್ವ ಅಳುತ್ತಾ ಬಂದಳು. ಭಾರ ಹೊರಬಹುದು, ಈ ಮಾತು ಹೊರಲಾರೆ ಅನ್ನಿಸಿತು ಅವಳಿಗೆ.

ದುರುಗವ್ವ ಸುಮ್ಮನೆ ಬಿಡುವ ಹೆಂಗಸಲ್ಲ. ಅಂದಿನಿಂದ ಸೊಸೆಯ ಬೆನ್ನಿಗೆ ಬಿದ್ದಳು. ಸೊಸೆ ನೀರಿಗೆ ಹೋದರೆ ತಾನೂ ನೀರಿಗೆ, ಸೊಸೆ ಸೌದೆಗೆ ಹೋದರೆ ತಾನೂ ಸೌದೆಗೆ. ಸೊಸೆ ಮಲಗಿದರೆ ಅವಳ ಸೆರಗಿಗೆ ತನ್ನ ಸೆರಗು ಗಂಟು ಹಾಕಿ ಮಲಗಿದಳು. ಅಮಾವಾಸ್ಯೆ ಹೋಗಿ ಹುಣ್ಣಿಮೆ ಬಂತು. ಸೊಸೆಯ ಭಾರ ಏರುತ್ತಲೇ ಇತ್ತು. ಹುಣ್ಣಿಮೆಯ ಬೆಳಗ್ಗೆ ದುರುಗವ್ವ ಗಂಟು ಬಿಚ್ಚಿ ಮಗನ ಮುಂದೆ ಬಂದು ನಿಂತಳು.

"ಮಾರ್ಯಾ, ಇಕಿ ಏನೂ ತಿನ್ನಂಗಿಲ್ಲೋ. ಇಕಿ ನುಂಗಿದ್ದು ಬರೇ ನನ್ನ ಬೈಗುಳ. ಅದರಾಗ ಇಷ್ಟ ಮೈ ಬರತೈತಿ ಅಂದ್ರ, ನಿಮ್ಮಪ್ಪ ಆನಿ ಆಗಬೇಕಿತ್ತು."

ಅಂದು ಮೊದಲ ಬಾರಿಗೆ ಹುಲಿಗೆವ್ವನಿಗೆ ಉಸಿರು ಸರಾಗವಾಯಿತಂತೆ. ನಂಬಿದವರು ಒಬ್ಬರಾದರೂ ಸಿಕ್ಕರಲ್ಲ.

ಆದರೆ ನಂಬಿಕೆಗೆ ಹಗ್ಗ ಗಟ್ಟಿಯಾಗುತ್ತದೆಯೇ? ಅದೇ ಸಂಜೆ ಆಟದ ನಡುವೆ ಒಂದು ಬಿದಿರು ಸೀಳಿತು. ಮಾರೆಪ್ಪ ಓಡಿಬಂದು ಭುಜ ಕೊಟ್ಟದ್ದಕ್ಕೆ ಉಳಿದಳು.

"ಇನ್ನ ನೀ ಹತ್ತಬ್ಯಾಡ," ಅಂದ ಮಾರೆಪ್ಪ. "ತಂಗಿ ಮಗಳನ್ನ ಕರೆಸ್ತೀನಿ. ಆಕಿ ಹತ್ತಲಿ. ನೀ ಅಡಗಿ ಮಾಡ್ಕೊಂಡಿರು."

"ಹಗ್ಗ ಬಿಟ್ರ ನಾ ಯಾರು?" ಅಂದಳು ಹುಲಿಗೆವ್ವ.

"ನೀ ನನ್ನ ಹೇಣ್ತಿ."

"ಅದು ಕೆಳಗಿನ ಮಾತು. ಮೇಲೆ ನಾ ಯಾರು?"

ಮಾರೆಪ್ಪ ಸೀಳಿದ ಬಿದಿರಿಗೆ ಹುರಿ ಸುತ್ತತೊಡಗಿದ.

ಮರುದಿನ ನಡುಹಗಲು. ಹುಲಿಗೆವ್ವ ಕೊಯ್ಲಾದ ಜೋಳದ ಹೊಲದಲ್ಲಿ ಒಬ್ಬಳೇ ನಡೆಯುತ್ತಿದ್ದಳಂತೆ. ಒಂದೊಂದು ಹೆಜ್ಜೆ ಎತ್ತುವುದೂ ಬಾವಿಯಿಂದ ಕೊಡ ಎಳೆದಂತೆ. ಹೊಲದ ನಡುವೆ ಕಾಲು ಸೋತಿತು. ಕೂಳೆಗಳ ನಡುವೆ ಮಗ್ಗುಲಾದಳು, ಕಿವಿ ನೆಲಕ್ಕೆ ತಾಗಿತು. ನೆಲ ಬೆಚ್ಚಗಿತ್ತು. ಯಾರೋ ಉಸಿರಾಡುತ್ತಿದ್ದ ಹಾಗಿತ್ತು. ಗಾಳಿ ನಿಂತಿತು, ಹಕ್ಕಿ ಸುಮ್ಮನಾಯಿತು. ಅವಳ ಮೂಳೆಯೊಳಗೇ ಒಂದು ದನಿ ಮಾತಾಡಿತಂತೆ.

"ಇಳಿದು ಬಾ ಮಗಳೇ. ಎಷ್ಟು ಹೊತ್ತು ಮೇಲಿರ್ತೀ?"

ಹುಲಿಗೆವ್ವನ ಮೈ ಜುಮ್ಮೆಂದಿತು. "ಯಾರವ್ವಾ ನೀನು? ನಾ ಕೆಳಗೇ ಅದೀನಲ್ಲ. ನಿನ್ನ ಮೈಮ್ಯಾಲೇ ಮಲಗೀನಿ."

"ಇಲ್ಲ. ಕಲ್ಲುಕೋಟೆಯ ಅಂಗಳದಲ್ಲಿ ಹೋಗಿ ಬರ್ತೀನಿ ಅಂದವಳು ಇನ್ನೂ ಬಂದಿಲ್ಲ. ನನ್ನ ಮಗಳು ಮೇಲೇ ಉಳಿದಳು ಅಂತ ಅವತ್ತಿನಿಂದ ಕರೀತಾ ಇದ್ದೀನಿ. ಬರಲಿಲ್ಲ ಅಂತ ಎಳೀತಾ ಇದ್ದೀನಿ. ಬರಲಿಲ್ಲ ಅಂತ ಇನ್ನೂ ಜೋರಾಗಿ ಎಳೀತಾ ಇದ್ದೀನಿ."

ಹುಲಿಗೆವ್ವ ಎದ್ದು ಕೂತಳು. ಈಗ ಹೊಳೆಯಿತು ಅವಳಿಗೆ.

ಹಗ್ಗದವರಲ್ಲಿ ಒಂದು ಪದ್ಧತಿಯುಂಟು. ಹತ್ತುವ ಮೊದಲು ಅಂಗೈಯಿಂದ ನೆಲ ಮುಟ್ಟಿ, "ಹೋಗಿ ಬರ್ತೀನವ್ವಾ" ಅನ್ನಬೇಕು. ಇಳಿದ ಮೇಲೆ ಅದೇ ಅಂಗೈಯಿಂದ ಅದೇ ನೆಲ ಮುಟ್ಟಿ, "ಬಂದೆವ್ವಾ" ಅನ್ನಬೇಕು. ಹೊರಗೆ ಹೋದ ಮಕ್ಕಳು ಮನೆಗೆ ಬಂದು ಹೇಳುವುದಿಲ್ಲವೇ, ಹಾಗೆ. ಬಂದೆ ಅಂದ ಮೇಲೆಯೇ ತಾಯಿ ತಟ್ಟೆ ಹಾಕುವುದು. ಏಳೂರಲ್ಲಿ ಏಳು ಸಾರಿ ಹೇಳಿದ್ದಳು ಹುಲಿಗೆವ್ವ. ಕಲ್ಲುಕೋಟೆಯಲ್ಲಿ ಮಾತ್ರ ಪಲ್ಲಕ್ಕಿ ಬಂತು. ಹಾಸುಬಟ್ಟೆ ಬಂತು. ಪಾದದ ಚೆಂದ ನೋಡಿಕೊಳ್ಳುತ್ತಾ ಮಾತು ಮರೆತಳು.

ನೆಲಕ್ಕೆ ತಲೆಯಿಟ್ಟು, "ಬಂದೆವ್ವಾ, ಬಂದೆ!" ಅಂದಳು.

"ಇಲ್ಲಲ್ಲ ಮಗಳೇ. ಎಲ್ಲಿ ಹತ್ತಿದೆಯೋ ಅಲ್ಲೇ ಇಳಿ. ಇಳಿದ ನೆಲದಲ್ಲೇ ಹೇಳು. ಅಷ್ಟರವರೆಗೆ ನಾನು ಕೈ ಬಿಡಲಾರೆ."

ಅಂದರೆ ಇಷ್ಟು ಭಾರ ಹೊತ್ತು ಮತ್ತೊಮ್ಮೆ ಹಗ್ಗ ಹತ್ತಬೇಕು. ಹಗ್ಗ ತಡೆದರೆ ಉಂಟು, ತಡೆಯದಿದ್ದರೆ ಇಲ್ಲ.

ಹೋಗಿ ಗಂಡನಿಗೆ ಹೇಳಿದಳು. ಮಾರೆಪ್ಪ ಬೇಡ ಅನ್ನಲು ಬಾಯಿ ತೆರೆದ. ದುರುಗವ್ವ ನಡುವೆ ಬಂದಳು. "ಭೂಮಿತಾಯಿ ಕರೆದಾಳ ಅಂದ್ರ ನೀ ಯಾವ ದೊಡ್ಡಮನಷ್ಯ? ಹೋಗು, ಹಗ್ಗ ಹೊಸಿ," ಅಂದಳು. ಮಾರೆಪ್ಪ ಎಳೆ ಕೂಡಿಸಿ, ಎಳೆಗೆ ಎಳೆ ಹೊಸೆದು, ತೋಳಿನಷ್ಟು ದಪ್ಪದ ಹಗ್ಗ ಮಾಡಿದ.

ಕಲ್ಲುಕೋಟೆಯ ಅಂಗಳ ಜನರಿಂದ ತುಂಬಿತಂತೆ. ದೊರೆ ಉಪ್ಪರಿಗೆಗೆ ಬಂದ. ಹುಲಿಗೆವ್ವ ಅಂಗೈಯಿಂದ ನೆಲ ಮುಟ್ಟಿದಳು, ಹತ್ತಿದಳು. ಬಿದಿರು ಬಾಗಿತು. ಮೊದಲ ಹೆಜ್ಜೆಗೆ ಹಗ್ಗ ಜೋತುಬಿತ್ತು. ನಡುವಿಗೆ ಬರುವಷ್ಟರಲ್ಲಿ ಎಳೆಗಳು ಒಂದೊಂದಾಗಿ ಪಟ್ ಪಟ್ ಅನ್ನತೊಡಗಿದವು. ಡೋಲು ನಿಂತಿತು.

ಆಗ ಹುಲಿಗೆವ್ವ ಕೆಳಗೆ ನೋಡಿದಳು.

ಹಗ್ಗದವರು ಕೆಳಗೆ ನೋಡಬಾರದು. ನೋಡಿದಳು. ಅಂಗಳದ ಧೂಳು ಕಣಕಣವಾಗಿ ಎದ್ದು ನಿಂತಿತ್ತಂತೆ. ಕಲ್ಲಿನ ಸಂದಿಯ ಹುಲ್ಲು ಗಾಳಿಯಿಲ್ಲದೆ ಅವಳ ಕಡೆಗೆ ನೆಟ್ಟಗಾಗಿತ್ತು. ಇರುವೆಗಳು ಸಾಲು ಬಿಟ್ಟು ತಲೆಯೆತ್ತಿದ್ದವು. ನೆಲಕ್ಕೆ ನೆಲವೇ, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳಲು ಬಾಗಿದ ತಾಯಿಯ ಎದೆಯಂತೆ, ಮೇಲಕ್ಕೆ ಉಬ್ಬಿ ಬಂದಿತ್ತು. ಇಷ್ಟು ದಿನ ಶಾಪ ಅಂದುಕೊಂಡದ್ದು, ರೋಗ ಅಂದುಕೊಂಡದ್ದು, ಹುರಳಿ ಕಟ್ಟು ಕುಡಿದು ಓಡಿಸಲು ನೋಡಿದ್ದು ಇದನ್ನೇ! ಎಳೆಯುವವಳೇ ಹಿಡಿಯುವವಳು ಅಂದಮೇಲೆ ಬೀಳುವುದಕ್ಕೆ ಭಯವೆಲ್ಲಿ? ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹಗ್ಗ ನರಳಿತು, ತಡೆಯಿತು.

ಇನ್ನೇನು ಇಳಿಯಬೇಕು, ಆಗ ದೊರೆ ಕೈ ಬೀಸಿದ. ಪಲ್ಲಕ್ಕಿ ಓಡಿಬಂತು.

ಇದನ್ನು ಕಂಡ ದುರುಗವ್ವ ಡೋಲು ಹೊತ್ತು ಎದ್ದಳು. ಪಲ್ಲಕ್ಕಿ ಬರುವ ಜಾಗದಲ್ಲೇ ದೊಪ್ಪನೆ ಕೂತಳು.

"ಏಳಮ್ಮ, ದೊರೆಯ ಮರ್ಯಾದೆ ಬರುತ್ತಿದೆ!" ಅಂದರು ಪಲ್ಲಕ್ಕಿ ಹೊತ್ತ ಬೋಯಿಗಳು.

"ಬರಲಿ ಬಿಡ್ರಪ್ಪ. ಭಾಳ ಚಂದ ಐತಿ ಪಲ್ಲಕ್ಕಿ. ನನಗ ಮಂಡಿನೋವು, ಏಳಾಕ ಆಗವಲ್ದು," ಅಂದಳು ದುರುಗವ್ವ, ಕಾಲು ಇನ್ನಷ್ಟು ಚಾಚಿ.

ದೊರೆ ಮೇಲಿಂದ ಗುಡುಗಿದ. "ಇಂಥ ಪಾದ ಮಣ್ಣು ಮುಟ್ಟಬಾರದು ಅಂತ ಹೇಳಿರಲಿಲ್ಲವೇ?"

ಹುಲಿಗೆವ್ವ ಬಿದಿರಿನ ಮೇಲಿಂದಲೇ ಕೈಮುಗಿದಳು. "ನಿಮ್ಮ ಮರ್ಯಾದಿ ದೊಡ್ಡದು, ದೊರಿ. ಆದ್ರ ಮನಿಗೆ ಬಂದ ಮಗಳು ನೆಲಕ್ಕ ಕಾಲಿಡದ ಹೆಂಗ ಒಳಗ ಹೋಗಬೇಕು?"

ಅಂದವಳೇ ಬಿದಿರು ಜಾರಿ ಇಳಿದಳು. ಪಾದ ಮಣ್ಣು ಮುಟ್ಟಿತು. ಅಂಗೈ ನೆಲ ಮುಟ್ಟಿತು.

"ಬಂದೆವ್ವಾ," ಅಂದಳು.

ನೆಲ ನಿಟ್ಟುಸಿರು ಬಿಟ್ಟಿತಂತೆ. ಅಂಗಳದಲ್ಲಿದ್ದ ಅಷ್ಟೂ ಜನ ಒಂದು ಗಳಿಗೆ ಮೈ ಹಗುರವಾಗಿ, ಗೊತ್ತಿಲ್ಲದೆಯೇ ಬೆರಳ ತುದಿಯಲ್ಲಿ ನಿಂತರಂತೆ. ಬಾಗಿದ ಬಿದಿರುಗಳು ಸುಯ್ಯೆಂದು ನೆಟ್ಟಗಾದವು. ಧೂಳು ಮೆಲ್ಲಗೆ ಕೂತಿತು. ಇರುವೆಗಳು ಮತ್ತೆ ಸಾಲು ಹಿಡಿದವು. ದೊರೆ ಉಪ್ಪರಿಗೆಯಿಂದ ಇಳಿದು ಬಂದ, ಪಾದರಕ್ಷೆ ಬಿಚ್ಚಿದ, ಬರಿಗಾಲಲ್ಲಿ ಆ ಮಣ್ಣಿನ ಮೇಲೆ ನಿಂತನಂತೆ.

ಹುಲಿಗೆವ್ವನ ಭಾರ ಇಳಿಯಿತೇ ಅಂತ ಕೇಳುತ್ತೀರಿ. ಇಳಿಯಿತು. ಪೂರ್ತಿ ಇಳಿಯಿತೇ? ಇಲ್ಲ. ಒಂದಿಷ್ಟು ಉಳಿಯಿತು. ಮುಂದಿನ ಊರಿನಲ್ಲಿ ಹಗ್ಗ ಬಿಗಿದ ಮಾರೆಪ್ಪ, "ಮೊದಲಿನಕಿಂತ ಒಂದ್ ಬೆರಳು ಜಾಸ್ತಿ ಜಗ್ಗತೈತಲ್ಲ?" ಅಂದ.

"ಇರಲಿ ಬಿಡು," ಅಂದಳು ಹುಲಿಗೆವ್ವ. "ಬಂದ ಮಗಳ ಕೈ ಯಾವ ತಾಯಿ ಒಮ್ಮೆಲೇ ಬಿಡತಾಳ? ನೀ ಹಗ್ಗ ಒಂದ್ ಎಳಿ ದಪ್ಪ ಮಾಡು."

ಅಂದು ಸಂಜೆ ಇಡೀ ರೊಟ್ಟಿ ಕೇಳಿ ಹಾಕಿಸಿಕೊಂಡಳಂತೆ, ಬೆಣ್ಣೆ ಹಚ್ಚಿಸಿಕೊಂಡು. ದುರುಗವ್ವ ತನ್ನ ಕೈಯಾರೆ ತಟ್ಟಿಕೊಟ್ಟಳು, ಎಷ್ಟು ತಿಂದಿ ಅಂತ ಕೇಳಲಿಲ್ಲ.

ಅವರು ಅಲ್ಲಿ ನೆಲ ಮುಟ್ಟಿ ಹಗ್ಗ ಹತ್ತಿದರು, ನಾವು ಇಲ್ಲಿ ನೆಲದ ಮೇಲೆ ಕೂತು ಕೇಳಿದೆವು. ಅವರ ಹೆಜ್ಜೆ ಅವರಿಗೆ ಹಗುರಾಗಲಿ, ನಮ್ಮ ಹೆಜ್ಜೆ ನಮಗೆ ಹಗುರಾಗಲಿ.