ಅಳು ನಿಂತ ಮಗು

"ಮಠಕ್ಕೆ ಬಂದ ಹೊಸತರಲ್ಲಿ ಮನಸ್ಸು ಕುದಿಯುತ್ತಿತ್ತು, ಗುರುಗಳೇ. ಈಗ ಯಾರ ನೆನಪೂ ಕಾಡುವುದಿಲ್ಲ. ಇದನ್ನು ಶಾಂತಿ ಎನ್ನಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಮನಸ್ಸಿನ ಕಾಯಿಲೆಯ ಮಕ್ಕಳನ್ನು ಇರಿಸಿಕೊಂಡು ನೋಡುವ ಆಸ್ಪತ್ರೆಯೊಂದರಲ್ಲಿ ಒಬ್ಬ ದಾದಿಯಿದ್ದಳು. ಮಕ್ಕಳು ಉಂಡರೇ, ಆಡಿದರೇ, ಅತ್ತರೇ, ಯಾರನ್ನಾದರೂ ಕಚ್ಚಿದರೇ ಎಂದು ಪ್ರತಿ ಸಂಜೆ ಹಾಳೆಯಲ್ಲಿ ಬರೆಯುವುದು ಅವಳ ಕೆಲಸ. ಆ ಹಾಳೆ ನೋಡಿಯೇ ವೈದ್ಯರು ಮುಂದಿನದನ್ನು ತೀರ್ಮಾನಿಸುತ್ತಿದ್ದರು.

ಅಲ್ಲಿಗೆ ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಯಾವುದೋ ಭಯಕ್ಕೆ ಅನ್ನ, ನಿದ್ದೆ ಬಿಟ್ಟಿದ್ದಳು. ಪ್ರತಿ ಬುಧವಾರ ತಾಯಿ ನೋಡಲು ಬರುವಳು. ಅವಳು ಹೊರಟು ನಿಂತರೆ ಸಾಕು, ಮಗು ಚೀರುವುದು, ತಟ್ಟೆ ಎಸೆಯುವುದು, ಬಿಡಿಸಲು ಹೋದವರ ಕೈ ಕಚ್ಚುವುದು. ಹಾಳೆಗಳಲ್ಲಿ ಬುಧವಾರವೇ ಎಲ್ಲಕ್ಕಿಂತ ಕೆಟ್ಟ ದಿನ. "ಸ್ವಲ್ಪ ಕಾಲ ತಾಯಿ ಬಾರದಿರುವುದೇ ಲೇಸು" ಎಂದು ದಾದಿಯೇ ವೈದ್ಯರಿಗೆ ಹೇಳಿದಳು. ಅವರು ಒಪ್ಪಿದರು.

ಆದರೂ ಪ್ರತಿ ಬುಧವಾರ ತಾಯಿ ಬರುವಳು. ಗೇಟಿನ ಹೊರಗೇ ನಿಂತು, ಹುರಿಗಡಲೆಯ ಪೊಟ್ಟಣವನ್ನು ದಾದಿಯ ಕೈಗಿಟ್ಟು, "ಇವತ್ತು ಅತ್ತಳಾ, ಸಿಸ್ಟರಮ್ಮ?" ಎಂದು ಕೇಳುವಳು.

ಮೊದಲ ವಾರ ಅತ್ತಿದ್ದಳು. ಆಮೇಲೆ ಕಡಿಮೆಯಾಯಿತು. ಆರನೆಯ ವಾರ ದಾದಿ ಸಂತೋಷದಿಂದ, "ಇಲ್ಲಮ್ಮ, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ" ಎಂದಳು. ತಾಯಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಳೆಯಲ್ಲಿ ಒಂದು ದೂರೂ ಉಳಿಯದಾದಾಗ ತಾಯಿಯನ್ನು ಒಳಗೆ ಬಿಟ್ಟರು. "ಚೆನ್ನೀ, ಬಂದೆ ಕಣವ್ವ" ಎನ್ನುತ್ತ ಓಡಿಹೋಗಿ ಮಗಳ ಪಕ್ಕದಲ್ಲಿ ಕುಳಿತಳು. ಹುಡುಗಿ ಯಾರೋ ಅಪರಿಚಿತರಿಗೆಂಬಂತೆ ತುಸು ಸರಿದು ಜಾಗ ಬಿಟ್ಟಳು. ಮುಖ ಎತ್ತಲಿಲ್ಲ.

ತಾಯಿ ದಾದಿಯ ಕಡೆ ತಿರುಗಿದಳು. "ನನ್ನ ಮಗು ಎಲ್ಲಿ, ಸಿಸ್ಟರಮ್ಮ?"

ದಾದಿ ವೈದ್ಯರ ಬಳಿ ಹೋಗಿ, "ತಪ್ಪು ನನ್ನದು. ನಾನು ಬರೆದೆ, ಬರೆದದ್ದರ ಅರ್ಥ ಓದಲಿಲ್ಲ" ಎಂದಳು. ಅವರ ಅನುಮತಿ ಪಡೆದು ಮಗುವಿನ ಮಂಚದ ಪಕ್ಕ ತಾಯಿಗೆ ಚಾಪೆ ಹಾಸಿಕೊಟ್ಟಳು. ತಾಯಿ ಮಗುವಿನ ತಲೆ ಬಾಚಿದಳು, ತುತ್ತು ಕೊಟ್ಟಳು, ಕಾದಳು. ಹನ್ನೊಂದು ದಿನ ಹುಡುಗಿ ಅವಳ ಕಡೆ ನೋಡಲಿಲ್ಲ. ಹನ್ನೆರಡನೆಯ ದಿನ ತಾಯಿ ನೀರು ತರಲೆಂದು ಬಾಗಿಲು ದಾಟಿದಳು. ಹುಡುಗಿ ಗಂಟಲು ಹರಿಯುವಂತೆ ಚೀರಿ, ಹಿಂದೆಯೇ ಓಡಿ, ಅವಳ ಸೀರೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಂದು ಸಂಜೆ ದಾದಿ ಹಾಳೆಯಲ್ಲಿ ಬರೆದಳು: ಇಂದು ಅತ್ತಳು. ಗುಣವಾಗುತ್ತಿದ್ದಾಳೆ.

ಇಷ್ಟು ಹೇಳಿ ಗುರುಗಳು ಶಿಷ್ಯನತ್ತ ನೋಡಿ ಕೇಳಿದರು: "ನಿನ್ನ ತಾಯಿ ಯಾವ ಊರಿನಲ್ಲಿದ್ದಾಳಪ್ಪಾ?"